ಸರ್ವೆ ಮರದ ಕಾವಲು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಚೌರಪ್ಪ ಸ್ವಾಮಿಗಳು ಅಂತ ಗುರುಗಳಿದ್ದರು. ಇನ್ನಾಸಪ್ಪ ಅವರ ಶಿಷ್ಯ. ಕೆಲಸದಲ್ಲಿ ಎತ್ತಿದ ಕೈ. ಅನುಮಾನದಲ್ಲಂತೂ ಎರಡೂ ಕೈ!

ಮೊದಲೆಲ್ಲ ಕ್ರಿಸ್ಮಸ್ ಬಂತೆಂದರೆ ಊರಿನವರು ದಂಡೆಯ ಸರ್ವೆ ಗಿಡಗಳನ್ನು ಕಡಿದು ಮನೆಯೊಳಗೆ ನಿಲ್ಲಿಸುತ್ತಿದ್ದರು. ಹಬ್ಬ ಕಳೆದ ವಾರಕ್ಕೆ ಅವು ಒಣಗಿ ಬೀದಿಗೆ ಬೀಳುತ್ತಿದ್ದವು.

ಹೋದ ವರ್ಷ ಇನ್ನಾಸಪ್ಪ ಮನೆಮನೆಗೂ ಹೋಗಿ ಹೇಳಿದ್ದ, "ಇನ್ನು ಯಾರೂ ಕಡಿಯೋದು ಬೇಡ. ಆಶ್ರಮದ ಮುಂದಿನ ಎಳೆಮರವನ್ನೇ ನಿಂತಲ್ಲಿ ಸಿಂಗರಿಸೋಣ. ಅದು ಎಲ್ಲರ ಮರ."

ಊರು ಒಪ್ಪಿತು. ಅವನೇ ಏಣಿ ಹಾಕಿ, ತಂತಿ ಬಿಗಿದು, ದೀಪ ನಕ್ಷತ್ರ ಕಟ್ಟಿದ್ದ.

ತಕರಾರು ತೆಗೆದವಳು ಒಬ್ಬಳೇ, ಮದಲೇನಮ್ಮ. ಪ್ರತಿ ಹಬ್ಬಕ್ಕೂ ಆಶ್ರಮದಲ್ಲಿ ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು, ಅಂದರೆ ಗೋದಲಿಯನ್ನು, ಮಣ್ಣಿನಲ್ಲಿ ಕಟ್ಟುವವಳು.

"ನಮ್ಮಪ್ಪನ ಕಾಲದಿಂದ ಮನೆಯೊಳಗೆ ಮರ ಇಟ್ಟಿದ್ದೀವಿ. ನೀನ್ಯಾರಪ್ಪ ಬೇಡ ಅನ್ನೋಕೆ?" ಎಂದು ಮುಖ ತಿರುಗಿಸಿದ್ದಳು.

ಈ ವರ್ಷ ಹಬ್ಬಕ್ಕೆ ಹತ್ತು ದಿನ ಇದೆ ಅನ್ನುವಾಗ ಆ ಮರದ ತುದಿ ಹಳದಿಗೆ ತಿರುಗಿತು.

ಇನ್ನಾಸಪ್ಪ ಗುರುಗಳ ಬಳಿಗೆ ಓಡಿದ. ಈ ಮರ ಸತ್ತರೆ ಮುಗಿಯಿತು, ಊರೆಲ್ಲ ಮತ್ತೆ ಕೊಡಲಿ ಹಿಡಿಯುತ್ತದೆ.

"ಸ್ವಾಮಿ, ಇದು ಮದಲೇನಮ್ಮನದೇ ಕೆಲಸ. ಬೆಳಗಾದರೆ ಬಿಂದಿಗೆ ಹಿಡಿದು ಮರದ ಹತ್ತಿರ ಸುಳಿಯುತ್ತಾಳೆ. ಬುಡಕ್ಕೆ ಉಪ್ಪುನೀರು ಸುರಿಯುತ್ತಿದ್ದಾಳೆ."

"ಉಪ್ಪು ಹಾಕಿದ್ದು ನೋಡಿದೆಯಾ?"

"ನೋಡಬೇಕೇನು? ಗೊತ್ತಾಗಲ್ವಾ!"

"ಹಾಗಾದರೆ ಕಾವಲು ಕಾಯಿ" ಎಂದರು ಗುರುಗಳು.

ಮೂರು ದಿನ ಕಾದ. ಮರಕ್ಕೆ ಬೆನ್ನು ಕೊಟ್ಟು, ಅವಳ ಮನೆಯ ದಾರಿಯ ಮೇಲೆ ಕಣ್ಣು ನೆಟ್ಟು ಕಾದ. ಹಾಲಿನವನು ಬಂದರೂ ಅನುಮಾನ, ಮೇಕೆ ಬಂದರೂ ಅನುಮಾನ.

ಎರಡು ದಿನ ಮದಲೇನಮ್ಮ ಇವನನ್ನು ಕಂಡು ಹಾಗೇ ಹಿಂದಕ್ಕೆ ಹೋದಳು. ಕಳ್ಳಿ, ಸಿಕ್ಕಿಬಿದ್ದಳು ಅಂದುಕೊಂಡ.

ಮೂರನೆಯ ದಿನ ನೇರವಾಗಿ ಬಂದಳು. ಇನ್ನಾಸಪ್ಪ ಬಿಂದಿಗೆ ಕಿತ್ತುಕೊಂಡ.

"ಇದರಲ್ಲಿ ಏನಿದೆ?"

"ಅಕ್ಕಿ ತೊಳೆದ ನೀರು. ಮರ ಬಾಡ್ತಾ ಇದೆಯಲ್ಲ, ಪಾಪ ಅಂತ ಹಾಕ್ತೀನಿ."

"ಮತ್ತೆ ನಿನ್ನೆ ಯಾಕೆ ಓಡಿಹೋದೆ?"

"ನಿನ್ನ ಆ ಮುಖ ನೋಡಿದರೆ ಯಾರಿಗೆ ಬರೋ ಮನಸ್ಸಾಗುತ್ತೆ?"

"ಯಾರ ಕಿವಿಗೆ ಹೂವಿಡ್ತೀಯಮ್ಮ!" ಎಂದವನೇ ಬಿಂದಿಗೆಯನ್ನು ಗುರುಗಳ ಮುಂದೆ ತಂದಿಟ್ಟ. ಅವಳೂ ಹಿಂದೆಯೇ ಬಂದಳು.

"ಸಾಕ್ಷಿ ಸ್ವಾಮಿ! ಈ ಸಲ ಇವಳ ಗೋದಲಿ ನಮಗೆ ಬೇಡ. ಇವಳು ಗೇಟು ದಾಟೋದೂ ಬೇಡ."

ಮೂವತ್ತು ವರ್ಷ ಒಂದು ಸಲವೂ ತಪ್ಪಿಸದೆ ಕಟ್ಟಿದ ಗೋದಲಿ. ಮದಲೇನಮ್ಮನ ಕಣ್ಣು ತುಂಬಿತು.

ಗುರುಗಳು ಬಿಂದಿಗೆ ಎತ್ತಿ ಎರಡು ಗುಟುಕು ಕುಡಿದರು.

"ಅಯ್ಯಯ್ಯೋ ಸ್ವಾಮಿ!" ಎಂದು ಕೂಗಿದ ಇನ್ನಾಸಪ್ಪ.

ಅವರು ಬಾಯೊರೆಸಿಕೊಂಡರು. ನಕ್ಷತ್ರ ಕಟ್ಟಲು ಇಟ್ಟಿದ್ದ ದಾರ ತೆಗೆದುಕೊಂಡು, "ಬೆರಳು ಕೊಡು" ಎಂದರು. ಇನ್ನಾಸಪ್ಪನ ತೋರುಬೆರಳಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು.

"ಪ್ರಾರ್ಥನೆ ಮುಗಿಯೋವರೆಗೆ ಇರಲಿ."

ಪ್ರಾರ್ಥನೆ ಅರ್ಧವಾಗುವಷ್ಟರಲ್ಲಿ ಬೆರಳು ಊದಿ ನೀಲಿಗಟ್ಟಿತು.

"ಸ್ವಾಮಿ, ತಡೆಯೋಕಾಗ್ತಿಲ್ಲ!"

"ನಿನ್ನ ಬೆರಳಿಗೆ ಯಾರು ಉಪ್ಪುನೀರು ಸುರಿದರಪ್ಪ?"

ಇನ್ನಾಸಪ್ಪ ಬೆರಳನ್ನೇ ನೋಡಿದ. ಆಮೇಲೆ ಎದ್ದು ಓಡಿದ. ಮರದ ಕಾಂಡವನ್ನು ತಡವಿ ತಡವಿ ನೋಡಿದ.

ಹೋದ ವರ್ಷ ತಾನೇ ಬಿಗಿದು ಬಿಚ್ಚಲು ಮರೆತ ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಮರ ದಪ್ಪವಾದಂತೆಲ್ಲ ಅದು ಕತ್ತು ಹಿಸುಕುತ್ತಾ ಬಂದಿತ್ತು.

ಇಕ್ಕಳ ತಂದುಕೊಟ್ಟವಳು ಮದಲೇನಮ್ಮ. ಮೊದಲು ಅವನ ಬೆರಳಿನ ದಾರ ಬಿಚ್ಚಿದಳು. ಆಮೇಲೆ ಇಬ್ಬರೂ ಸೇರಿ ತಂತಿ ಕತ್ತರಿಸಿ ತೆಗೆದರು.

"ತಪ್ಪಾಯ್ತು ತಾಯಿ." ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಆಯ್ತು ಬಿಡು. ಗೋದಲಿಗೆ ಮಣ್ಣು ಹೊತ್ತು ತಾ ನಡಿ."

ಸಂಜೆ ಇನ್ನಾಸಪ್ಪ ಗುರುಗಳ ಮುಂದೆ ಕೈಕಟ್ಟಿ ನಿಂತ. "ಇನ್ನು ಆ ಕಾವಲು ಬಿಟ್ಟುಬಿಡಲೇ ಸ್ವಾಮಿ?"

"ಬಿಡಬೇಡ, ಕಾಯಿ. ಈ ಸಲ ಮರದ ಕಡೆ ಮುಖ ಮಾಡಿ ನಿಂತುಕೋ."