ಮನುಷ್ಯನ ಕಣ್ಣಿಗೆ ಬಿಳುಪು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ. ಮರಗಳಿಗೆ ತಮ್ಮ ಹೆಸರು ತಮಗೇ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ. ಆಗ ಯಾರ ಕಣ್ಣಿನಲ್ಲೂ ಬಿಳುಪು ಕಾಣುತ್ತಿರಲಿಲ್ಲ. ಹುಲಿಯ ಕಣ್ಣು ಹಳದಿ, ಜಿಂಕೆಯದು ಕಂದು, ಮನುಷ್ಯನದು ಕಪ್ಪು. ಆದರೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಬಣ್ಣ.

"ನಮ್ಮ ಕರುವಿನ ಕಣ್ಣಿನ ಹಾಗಾ, ತಾತ?"

ಹಾಗೇ. ಕರುವಿನ ಕಣ್ಣಲ್ಲಿ ಬಿಳುಪೇ ಇಲ್ಲ ಅಂತ ನಿನ್ನೆ ನೀನು ಹೇಳಿದೆ. ಅದು ತಪ್ಪು. ಇದೆ, ಕಾಣುವುದಿಲ್ಲ. ಇಲ್ಲದಿರುವುದು ಬೇರೆ, ಕಾಣದಿರುವುದು ಬೇರೆ. ಯಾಕೆ ಕಾಣುವುದಿಲ್ಲ ಅನ್ನುವುದು ಈ ಕಥೆಯಲ್ಲೇ ಬರುತ್ತದೆ. ನೆಟ್ಟಗೆ ಕೂತು ಕೇಳು, ಇಂಚರಾ.

ಲೋಕಕ್ಕೆಲ್ಲ ಬಣ್ಣ ಬಳಿದು ಮುಗಿದ ಮೇಲೆ ಒಂದಷ್ಟು ಬಿಳುಪು ಮಿಕ್ಕಿತು. ಬೆಳ್ಳಕ್ಕಿಗೆ ಬಳಿದಾಗಿತ್ತು. ತುಂಬೆ ಹೂವಿಗೆ ಬಳಿದಾಗಿತ್ತು. ಶಂಖಕ್ಕೆ, ಹಲ್ಲಿಗೆ, ಚಂದ್ರನಿಗೆ ಬಳಿದಾಗಿತ್ತು. ಮಿಕ್ಕದ್ದನ್ನು ನದಿ ತನ್ನ ಮಡುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ನೀರು ಕುಡಿಯಲು ಬಂದವರನ್ನೆಲ್ಲ ಕೇಳಿದಳು: "ಕಣ್ಣಿಗೆ ಒಂದಿಷ್ಟು ಬಿಳುಪು ಹಚ್ಚಲಾ?"

ಹುಲಿ ಹೇಳಿತು: "ಬೇಡ ತಾಯಿ. ನಾನು ಯಾರನ್ನು ನೋಡ್ತಾ ಇದ್ದೀನಿ ಅಂತ ಜಿಂಕೆಗೆ ತಿಳಿದರೆ ನನಗೆ ಉಪವಾಸವೇ ಗತಿ."

ಜಿಂಕೆ ಹೇಳಿತು: "ಬೇಡ ತಾಯಿ. ಯಾವ ಕಡೆ ಓಡೋಣ ಅಂತ ನಾನು ನೋಡೋದು ಹುಲಿಗೆ ತಿಳಿದರೆ ಅದು ಅಲ್ಲೇ ಕಾದು ಕೂತಿರುತ್ತೆ."

ಕೋತಿ ಹೇಳಿತು: "ಬೇಡ ತಾಯಿ. ನನ್ನ ಕಣ್ಣು ಯಾವ ಹಣ್ಣಿನ ಮೇಲಿದೆ ಅಂತ ನಮ್ಮಣ್ಣನಿಗೆ ತಿಳಿದರೆ, ಆ ಹಣ್ಣು ಅವನ ಬಾಯಲ್ಲಿರುತ್ತೆ."

ಆದರೂ ತಾಯಿ ಕೊಟ್ಟದ್ದನ್ನು ಪೂರ್ತಿ ಬೇಡ ಅನ್ನಬಾರದಲ್ಲ? ಒಂದೊಂದು ಚಿಟಿಕೆ ತೆಗೆದುಕೊಂಡು ಎಲ್ಲವೂ ರೆಪ್ಪೆಯ ಮರೆಯಲ್ಲಿ ಬಚ್ಚಿಟ್ಟುಕೊಂಡವು. ಕರು ಬೆದರಿ ಕಣ್ಣು ಹೊರಳಿಸಿದಾಗ ಮೂಲೆಯಲ್ಲಿ ಬೆಳ್ಳಗೆ ಕಾಣುತ್ತದೆಯಲ್ಲ, ಅದೇ ಆ ಚಿಟಿಕೆ.

ಮನುಷ್ಯರೂ ಬೇಡ ಅಂದರು. ಅವರಿಗೂ ಮುಚ್ಚಿಡುವುದು ಬೇಕಾದಷ್ಟಿತ್ತು. ಆಗಿನ ಮನುಷ್ಯರು ಒಬ್ಬರಿಗೊಬ್ಬರು ಬೆನ್ನು ಮಾಡಿ ಊಟಕ್ಕೆ ಕೂರುತ್ತಿದ್ದರು. ಆದರೂ ದಿನಾ ಜಗಳ.

"ನನ್ನ ಗೆಣಸು ನೋಡಿದೆ ನೀನು!"

"ನಿನ್ನ ಗೆಣಸು ಯಾರಿಗೆ ಬೇಕು? ನಾನು ಮೋಡ ನೋಡ್ತಿದ್ದೆ!"

"ಮೋಡ ನೋಡೋನ ಬಾಯಲ್ಲಿ ನೀರು ಯಾಕೆ ಬಂತು?"

ಯಾರು ನಿಜ, ಯಾರು ಸುಳ್ಳು? ತೀರ್ಮಾನ ಮಾಡುವವರೇ ಇರಲಿಲ್ಲ. ಯಾರ ಕಣ್ಣು ಎಲ್ಲಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಕಾಡಿನಲ್ಲಿ ಗೆಣಸು ಬಿಡಲಿಲ್ಲ. ಹಣ್ಣು ಕಾಯಿಯಲ್ಲೇ ಉದುರಿತು. ಆ ಮನುಷ್ಯರ ಒಂದು ಗುಂಪಿನಲ್ಲಿ ಸಣ್ಣಿ ಎಂಬ ಹೆಂಗಸಿದ್ದಳು. ಅವಳ ಗಂಡ ಬೊಳ್ಳ. ಅವಳ ತಮ್ಮ ಗಿಡ್ಡ. ಹೆಸರಿಗೆ ಗಿಡ್ಡ, ಆಳು ಮಾತ್ರ ಎಲ್ಲರಿಗಿಂತ ಎತ್ತರ. ಸಣ್ಣಿಗೆ ಎಂಟು ತಿಂಗಳ ಒಂದು ಕೂಸಿತ್ತು. ಹೊಟ್ಟೆಗಿಲ್ಲದೆ ಸಣ್ಣಿಯ ಎದೆಹಾಲು ಬತ್ತಿತು. ಕೂಸು ಮೊದಮೊದಲು ಅಳುತ್ತಿತ್ತು. ಆಮೇಲೆ ಅಳುವುದನ್ನೂ ಬಿಟ್ಟಿತು.

ಸಣ್ಣಿ ಹೇಳಿದಳು: "ಅತ್ತರೆ ಸಹಿಸ್ಕೋಬಹುದು. ಇದು ಸುಮ್ಮನಿರೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ನದಿಯ ಮೇಲೆ ಕಡಿದಾದ ಒಂದು ಬಂಡೆ. ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟಿತ್ತು, ಮೊರದಷ್ಟು ಅಗಲದ ಹುಟ್ಟು. ಮರುದಿನ ಬೆಳಿಗ್ಗೆ ಬೊಳ್ಳ ಕಾಡುಬಳ್ಳಿ ಹೊಸೆದು ಸೊಂಟಕ್ಕೆ ಕಟ್ಟಿದ. "ಬಳ್ಳಿ ಯಾರು ಹಿಡೀತೀರಿ?"

ನಾಲ್ಕೈದು ಜನ ಮುಂದೆ ಬಂದರು. ಸಣ್ಣಿ ಅವರ ಕಣ್ಣು ನೋಡಿದಳು. ಕಪ್ಪು, ಬರೀ ಕಪ್ಪು. ಒಳಗೇನಿದೆಯೋ! ಬಳ್ಳಿ ಬಿಟ್ಟು ಜೇನಿಗೆ ಓಡುವವರೇ ಇರಬಹುದು.

"ನನ್ನ ತಮ್ಮ ಹಿಡೀಲಿ," ಅಂದಳು. "ಅಕ್ಕನ ಸೌಭಾಗ್ಯ ಅವನ ಕೈಯಲ್ಲಿರುತ್ತೆ. ತಮ್ಮ ಆದವನು ಬಿಡಲ್ಲ."

ಗಿಡ್ಡ ನಕ್ಕ. "ಬಿಡಲ್ಲ ಭಾವ. ಆದರೆ ನೀನೂ ಸ್ವಲ್ಪ ಹಗುರಾಗಬೇಕಿತ್ತು."

"ಎರಡು ತಿಂಗಳಿಂದ ಹಗುರಾಗ್ತಾನೇ ಇದ್ದೀನಲ್ಲೋ," ಅಂದ ಬೊಳ್ಳ.

ಇಳಿಯುವ ಮೊದಲು ಹೆಜ್ಜೇನು ತಮ್ಮ ಕಟ್ಟಳೆ ಹೇಳಿದವು: "ಹೊಗೆ ಹಾಕಿದರೆ ಅತ್ತ ಸರಿಯುತ್ತೇವೆ. ಕೂಗಿದರೆ ಬರುತ್ತೇವೆ. ಕೈ ಬೀಸಿದರೆ ಬರುತ್ತೇವೆ. ಬಂದರೆ ಬಿಡುವುದಿಲ್ಲ."

ಗಿಡ್ಡ ಬಂಡೆಯ ನೆತ್ತಿಯಲ್ಲಿ ಕಾಲೂರಿ ನಿಂತ. ಅವನಿಗೆ ಕೆಳಗೆ ನೇತಾಡುವ ಭಾವ ಕಾಣುತ್ತಿರಲಿಲ್ಲ, ಬಂಡೆಯ ಹೊಟ್ಟೆ ಅಡ್ಡ. ಭಾವನಿಗೆ ಗಿಡ್ಡ ಕಾಣುತ್ತಿರಲಿಲ್ಲ. ಪಕ್ಕಕ್ಕೆ ಚಾಚಿದ ಒಂದು ಕಲ್ಲಿನ ಮೇಲೆ ಸಣ್ಣಿ ನಿಂತಳು. ಇಬ್ಬರೂ ಕಾಣುತ್ತಿದ್ದದ್ದು ಅವಳೊಬ್ಬಳಿಗೇ.

"ಎಷ್ಟು ದೂರ, ತಾತ?"

ನಾಲ್ಕು ಮಾರು. ಎದುರಿನವರ ಕಣ್ಣು ಕಾಣುವಷ್ಟು. ಒಳ್ಳೆಯ ಪ್ರಶ್ನೆ.

ಬೊಳ್ಳ ಹೊಗೆ ಹಾಕಿದ, ಜೇನು ಅತ್ತ ಸರಿದವು. ಹುಟ್ಟಿನ ತುಂಡುಗಳನ್ನು ಕುಯ್ದು ಜೋಳಿಗೆಗೆ ತುಂಬಿದ. ಆಗ ಸಣ್ಣಿಗೆ ಕಂಡಿತು: ಗಿಡ್ಡನ ಎಡಗಡೆ, ಬಂಡೆಯ ಅಂಚಿಗೆ ಉಜ್ಜಿ ಉಜ್ಜಿ ಬಳ್ಳಿಯ ಎಳೆ ಬಿಚ್ಚುತ್ತಿದೆ. ಕೂಗುವ ಹಾಗಿಲ್ಲ. ಕೈ ಬೀಸುವ ಹಾಗಿಲ್ಲ. ಅವಳು ತಮ್ಮನನ್ನು ನೋಡಿದಳು, ಆ ಅಂಚನ್ನು ನೋಡಿದಳು. ಮತ್ತೆ ತಮ್ಮನನ್ನು, ಮತ್ತೆ ಅಂಚನ್ನು. ಗಿಡ್ಡ ಅಕ್ಕನ ಮುಖವನ್ನೇ ದಿಟ್ಟಿಸುತ್ತಿದ್ದ. ಅವನಿಗೆ ಕಂಡದ್ದು ಎರಡು ನೇರಳೆಹಣ್ಣು, ಅಷ್ಟೆ.

ಬಳ್ಳಿ ಪಟ್ಟೆಂದು ಹರಿಯಿತು.

ಬೊಳ್ಳ ಎರಡಾಳು ಕೆಳಗಿದ್ದ ಒಂದು ಚಾಚುಕಲ್ಲಿನ ಮೇಲೆ ಬಿದ್ದ. ಪಾದ ಹೊರಳಿತು. ಹಲ್ಲು ಕಚ್ಚಿ ಸುಮ್ಮನಿದ್ದ, ನೋವಿಗೆ ಕೂಡ ಕೂಗುವ ಹಾಗಿರಲಿಲ್ಲ. ಗಿಡ್ಡ ಇನ್ನೊಂದು ಬಳ್ಳಿ ಇಳಿಬಿಟ್ಟ. ಕುರುಡು ಬಳ್ಳಿ. ಅದು ಎಲ್ಲೋ ಬಲಕ್ಕೆ ತೂಗಿತು. ಬೊಳ್ಳ ಕೈ ಚಾಚಿದ, ಸಿಗಲಿಲ್ಲ. ಗಿಡ್ಡ ಅಕ್ಕನ ಕಣ್ಣು ನೋಡಿದ. ಎರಡು ನೇರಳೆಹಣ್ಣು.

ಆಗ ಬಿಸಿಲು ಹೇಳಿತು: "ಸಣ್ಣೀ, ನಾನು ನಿಲ್ಲುವವನಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಬಂಡೆಗೆ ಬರುತ್ತೇನೆ. ಕಲ್ಲು ಕಾದರೆ ಜೇನು ತಾವಾಗಿಯೇ ಏಳುತ್ತವೆ."

ಸಣ್ಣಿ ಬಿದ್ದು ಎದ್ದು ನದಿಗೆ ಇಳಿದಳು.

"ಅವ್ವಾ, ಆವತ್ತು ಬಿಳುಪು ಕೊಡ್ತೀನಿ ಅಂದಿದ್ದೆ. ಬೇಡ ಅಂದಿದ್ದೆವು. ಇನ್ನೂ ಇದೆಯಾ?"

"ಒಂದು ಬೊಗಸೆ ಇದೆ, ಮಗಳೇ. ಆದರೆ ಯೋಚನೆ ಮಾಡು. ಇದು ಚಿಟಿಕೆಯ ಮಾತಲ್ಲ. ನಿನ್ನ ಕಣ್ಣಿನ ಪಾಪೆ ಬಯಲಿನಲ್ಲಿ ನಿಂತ ಕಾಗೆಯ ಹಾಗೆ ಕಾಣುತ್ತದೆ. ಹೆದರಿದರೆ ಹುಲಿಗೆ ತಿಳಿಯುತ್ತದೆ. ಆಸೆಪಟ್ಟರೆ ನೆರೆಯವಳಿಗೆ ತಿಳಿಯುತ್ತದೆ. ಒಮ್ಮೆ ಹಚ್ಚಿದರೆ ತೊಳೆದರೂ ಹೋಗುವುದಿಲ್ಲ. ನಿನ್ನ ಮಕ್ಕಳಿಗೂ ಬರುತ್ತದೆ, ಅವರ ಮಕ್ಕಳಿಗೂ ಬರುತ್ತದೆ."

"ಕೂಸು ಹಸಿದಿದೆ. ಗಂಡ ಕಲ್ಲಿನ ಮೇಲಿದ್ದಾನೆ. ಮುಚ್ಚಿಡೋಕೆ ನನ್ನ ಹತ್ರ ಇನ್ನೇನು ಉಳಿದಿದೆ ಅವ್ವಾ? ಹಚ್ಚು."

ನದಿ ಹಚ್ಚಿದಳು. ಉಪ್ಪು ಬಿದ್ದ ಹಾಗೆ ಉರಿಯಿತು. ಸಣ್ಣಿ ಸೆರಗಿಲ್ಲದ ಕಾಲದವಳು, ಎಲೆಯಿಂದ ಕಣ್ಣು ಒತ್ತಿಕೊಂಡು ಮತ್ತೆ ಆ ಪಕ್ಕದ ಕಲ್ಲಿಗೆ ಹತ್ತಿದಳು.

ಗಿಡ್ಡ ಅಕ್ಕನನ್ನು ನೋಡಿದ. ಮೊದಲು ಬೆಚ್ಚಿದ. ಬೆಳ್ಳಗಿನ ನಡುವೆ ಒಂದು ಕರಿ ಬೊಟ್ಟು. ಬೊಟ್ಟು ಎಡಕ್ಕೆ ಸರಿಯಿತು. ಅವನ ಕೈ ತಾನಾಗಿ ಬಳ್ಳಿಯನ್ನು ಎಡಕ್ಕೆ ತಂದಿತು. ಬೊಟ್ಟು ಇನ್ನಷ್ಟು ಎಡಕ್ಕೆ. ಬಳ್ಳಿ ಇನ್ನಷ್ಟು ಎಡಕ್ಕೆ. ಬೊಟ್ಟು ಕೆಳಗೆ. ಬಳ್ಳಿ ಕೆಳಗೆ. ಬೊಟ್ಟು ನಿಂತಿತು. ಬಳ್ಳಿ ನಿಂತಿತು. ಬೊಳ್ಳ ಹಿಡಿದುಕೊಂಡ.

ಬೊಟ್ಟು ಮೇಲಕ್ಕೆ ಹೋಯಿತು.

ಗಿಡ್ಡ ಎಳೆದ. ಬಿಸಿಲು ಕಲ್ಲನ್ನು ಮುಟ್ಟುವ ಹೊತ್ತಿಗೆ ಬೊಳ್ಳ ನೆತ್ತಿಯ ಮೇಲೆ ಅಂಗಾತ ಮಲಗಿ ಏದುಸಿರು ಬಿಡುತ್ತಿದ್ದ. ಜೋಳಿಗೆ ಮಾತ್ರ ಎದೆಗೆ ಅವುಚಿಕೊಂಡಿದ್ದ.

ಬಂಡೆಯಿಂದ ದೂರ, ಗುಂಪಿನವರ ಬಳಿಗೆ ಬಂದ ಮೇಲೆ ಸಣ್ಣಿ ಬೆರಳು ಅದ್ದಿ ಜೇನಿನ ಒಂದು ತೊಟ್ಟನ್ನು ಕೂಸಿನ ತುಟಿಗೆ ಹಚ್ಚಿದಳು. ಕೂಸು ನಾಲಗೆ ಚಾಚಿತು. ಇನ್ನೊಂದು ತೊಟ್ಟು. ಮತ್ತೊಂದು. ಆಮೇಲೆ ಬಾಯಿ ತೆರೆದು ಬೆಟ್ಟ ಗುಡುಗುವ ಹಾಗೆ ಅತ್ತಿತು. ಅಳು ಕೇಳಿ ಅಷ್ಟೊಂದು ಜನ ನಕ್ಕದ್ದು ಅದೇ ಮೊದಲು.

"ತಾತ, ಎಂಟು ತಿಂಗಳ ಪಾಪುಗೆ ಜೇನು ಕೊಡಬಾರದು ಅಂತ ಡಾಕ್ಟರು ಹೇಳಿದ್ರಲ್ಲ?"

ಕೊಡಬಾರದು. ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಆಗ ಡಾಕ್ಟರು ಇರಲಿಲ್ಲ, ಬೇರೆ ಆಹಾರವೂ ಇರಲಿಲ್ಲ. ನೆನಪಿಟ್ಟುಕೊಂಡಿದ್ದೀಯ, ಸಂತೋಷ.

ಎಲೆಯ ಮೇಲೆ ಜೇನಿನ ತುಂಡುಗಳನ್ನು ಹರವಿದರು. ಎಲ್ಲರೂ ರೂಢಿಯಂತೆ ಬೆನ್ನು ತಿರುಗಿಸಿದರು. ಗಿಡ್ಡನೊಬ್ಬ ತಿರುಗಲಿಲ್ಲ.

"ಅಕ್ಕಾ! ನಿನ್ನ ಕಣ್ಣು ದೊಡ್ಡ ತುಂಡಿನ ಮೇಲಿದೆ!"

ಸಣ್ಣಿಯ ಮುಖ ಕೆಂಪಾಯಿತು. "ಇಲ್ಲ" ಅನ್ನಲು ಬಾಯಿ ತೆರೆದಳು. ಕಣ್ಣು ಮತ್ತೆ ಅಲ್ಲಿಗೇ ಹೋಯಿತು. ಸುಳ್ಳು ಅರ್ಧ ದಾರಿಯಲ್ಲೇ ಸತ್ತಿತು.

"ಹೌದು ಕಣೋ, ಇದೆ," ಅಂದಳು. "ಮೂರು ದಿನವಾಯ್ತು ನಾನು ತಿಂದು."

ಬೊಳ್ಳ ಆ ತುಂಡನ್ನು ಎತ್ತಿ ಅವಳ ಕೈಗಿಟ್ಟ. ಅವಳು ಅದನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು. ಬೆನ್ನು ತಿರುಗಿಸಿದ್ದವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು. ಮನುಷ್ಯರು ಎದುರುಬದುರು ಕೂತು ತಿಂದದ್ದು ಅಂದೇ. ಕಣ್ಣು ಕಂಡರೆ ಹಸಿವೂ ಕಾಣುತ್ತದೆ, ಮೋಸವೂ ಕಾಣುತ್ತದೆ. ಎರಡೂ ಕಾಣುವ ಕಡೆ ನಂಬಿಕೆ ಕಾಲೂರುತ್ತದೆ.

ಮರುದಿನ ಎಲ್ಲರೂ ನದಿಗೆ ಹೋದರು. ಮಿಕ್ಕ ಬಿಳುಪನ್ನು ನದಿ ಅವರಿಗೆಲ್ಲ ಹಂಚಿದಳು.

ಆದರೆ ನದಿ ಹೇಳದ ಒಂದು ವಿಷಯವೂ ಇತ್ತು. ಮಿಕ್ಕ ಜೇನನ್ನು ಸೋರೆಬುರುಡೆಯಲ್ಲಿ ತುಂಬಿಟ್ಟಿದ್ದರು. ತಮಾಷೆಗೆ ಗಿಡ್ಡ ಬುರುಡೆಯ ಮೇಲೆ ಬಿಳಿ ಮಣ್ಣಿನಿಂದ ಎರಡು ಕಣ್ಣು ಬರೆದು, ನಡುವೆ ಇದ್ದಿಲಿನ ಬೊಟ್ಟಿಟ್ಟ. ಮಧ್ಯಾಹ್ನ ಎಲ್ಲರೂ ಗೆಣಸು ಹುಡುಕಲು ಹೋದಾಗ ಬೊಳ್ಳ ಕುಂಟುತ್ತಾ ಬುರುಡೆಯ ಹತ್ತಿರ ಬಂದ. ಕೈ ಚಾಚಿದ. ಕೈ ನಿಂತುಬಿಟ್ಟಿತು.

ಮರದ ಮರೆಯಲ್ಲಿದ್ದ ಗಿಡ್ಡ ಹೊಟ್ಟೆ ಹಿಡಿದು ನಕ್ಕ. "ಅದು ಬುರುಡೆ ಕಣೋ ಭಾವ!"

"ಬುರುಡೆ ಅಂತ ನನಗೂ ಗೊತ್ತು," ಅಂದ ಬೊಳ್ಳ ಸಿಟ್ಟಿನಿಂದ. "ಕೈಗೆ ಗೊತ್ತಿಲ್ಲ."

ಅಂದಿನಿಂದ ಹಾಗೇ. ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಸಾಕು, ಮನುಷ್ಯನ ಕೈ ನಿಲ್ಲುತ್ತದೆ. ಯಾರೂ ಇಲ್ಲದ ಕಡೆಯೂ ಯಾರೋ ನೋಡುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಹೊಲದ ನಡುವೆ ಕಣ್ಣು ಬರೆದ ಮಡಕೆ ನಿಲ್ಲಿಸುತ್ತಾನೆ. ಕಟ್ಟುತ್ತಿರುವ ಮನೆಗೆ ಕಣ್ಣು ಬಿಟ್ಟ ರಾಕ್ಷಸನ ಮುಖ ತೂಗುಹಾಕುತ್ತಾನೆ. ಕಾಗೆ ಆ ಮಡಕೆಯ ಮೇಲೆಯೇ ಕೂರುತ್ತದೆ. ಹೆದರುವವನು ಮನುಷ್ಯನೊಬ್ಬನೇ.

"ಇದೆಲ್ಲ ನಿಜಾನಾ, ತಾತ?"

ಸಣ್ಣಿ, ಗಿಡ್ಡ, ಬೊಳ್ಳ, ಮಾತಾಡುವ ನದಿ, ಇದು ಕಥೆ. ನಮ್ಮ ಕಣ್ಣಿನಲ್ಲಿ ಬಿಳುಪು ಎದ್ದು ಕಾಣುವುದು ನಿಜ. ಅದು ಒಂದು ದಿನದಲ್ಲಿ ಆದದ್ದಲ್ಲ, ಸಾವಿರಾರು ತಲೆಮಾರು ಹಿಡಿದಿರಬೇಕು. ಒಬ್ಬರ ಕಣ್ಣು ಇನ್ನೊಬ್ಬರಿಗೆ ಕಂಡವರು ಕೂಡಿ ಬಾಳಿದರು, ಅವರ ಮಕ್ಕಳು ಹೆಚ್ಚು ಉಳಿದರು ಅಂತ ಓದಿದವರು ಊಹಿಸುತ್ತಾರೆ. ಊಹೆಯನ್ನು ಊಹೆ ಅಂತಲೇ ಹೇಳಬೇಕು. ಸ್ಕೂಲಿನಲ್ಲಿ ಹೇಳುವಾಗ ನೀನೂ ಹಾಗೇ ಹೇಳು.

ಇನ್ನೊಂದು ವಿಷಯ. ಕಪಾಟಿನ ಮೇಲಿನ ಡಬ್ಬಿಯಲ್ಲಿರುವುದು ನಿನ್ನ ಅಕ್ಕನ ಪಾಲಿನ ಕೋಡುಬಳೆ. ನಿನ್ನ ಪಾಲು ನೀನು ಬೆಳಿಗ್ಗೆಯೇ ಮುಗಿಸಿದ್ದೀಯ. ಕಥೆ ಶುರುವಾದಾಗಿನಿಂದ ನಿನ್ನ ಕಣ್ಣು ಆರು ಸಲ ಆ ಡಬ್ಬಿಗೆ ಹೋಗಿ ಬಂದಿದೆ.

"ನಿಮ್ಮ ಕಣ್ಣೂ ಎರಡು ಸಲ ಹೋಯ್ತು, ತಾತ. ನಾನು ನೋಡಿದೆ."

ಮೂರು ಸಲ. ಹೇಳಿದರೆ ಸರಿಯಾಗಿ ಹೇಳಬೇಕು.

ಅಕ್ಕ ನಾಲ್ಕು ಗಂಟೆಗೆ ಸ್ಕೂಲಿನಿಂದ ಬರುತ್ತಾಳೆ. ಅಲ್ಲಿಯವರೆಗೆ ಇಬ್ಬರೂ ಇಲ್ಲೇ ಎದುರುಬದುರು ಕೂತಿರೋಣ. ನಾವು ಬಾಯಿ ಬಿಟ್ಟು ಏನೂ ಕೇಳಬೇಕಾಗಿಲ್ಲ. ಅಂದು ನದಿ ಸಣ್ಣಿಯ ಕಣ್ಣಿಗೆ ಹಚ್ಚಿದ ಬಿಳುಪು ಇಂದಿಗೂ ನಿನ್ನ ಕಣ್ಣಲ್ಲೂ ನನ್ನ ಕಣ್ಣಲ್ಲೂ ಇದೆ, ಅದಕ್ಕೇ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನಮ್ಮಿಬ್ಬರಿಗೂ ಏನು ಬೇಕು ಅಂತ ಅವಳಿಗೆ ತಿಳಿದುಹೋಗುತ್ತದೆ.