ಓಬಳೇಶನ ಮನೆಗೆ ಮರಿಟವರು ಬಂದದ್ದು

ಕೇಳಿ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ ನಿಮ್ಮ ಕೈಗೆ ಕೊಡ್ತೀನಿ. ಸುತ್ತ ಏಳು ಹಳ್ಳಿಯಲ್ಲಿ ಇಂಥ ಮೀಸೆ ಇನ್ನೊಂದಿಲ್ಲ. ಅದರ ಮೇಲೆ ಆಣೆ ಇಡೋನು ಸುಳ್ಳು ಹೇಳ್ತಾನೆಯೇ?

ಬಂಡೆಹಟ್ಟಿಯಲ್ಲಿ ತಿಪ್ಪಮ್ಮ ಅಂತ ಒಬ್ಬಳು. ಅವಳಿಗೆ ಓಬಳೇಶ ಅಂತ ಒಬ್ಬನೇ ಮಗ. ಆಳು ನೋಡಿದರೆ ಆರಡಿ, ಬುದ್ಧಿ ನೋಡಿದರೆ ಗೇಣುದ್ದವೂ ಇಲ್ಲ. ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತವರು ಅಳ್ತಾರೆ. ತಿಪ್ಪಮ್ಮ ಅಳುತ್ತಿದ್ದದ್ದು ಮಗ ಹೇಳಿದ್ದನ್ನೆಲ್ಲ ಕೇಳುತ್ತಾನಲ್ಲಾ ಅಂತ!

ಹಂಗೂ ಅವನಿಗೊಂದು ಹೆಣ್ಣು ಗೊತ್ತಾಗುವ ಹಾಗಾಯಿತು. ಹೆಣ್ಣಿನ ತಂದೆ ಫೋಟೋ ನೋಡಿ ತಲೆದೂಗಿ, "ಶುಕ್ರವಾರ ಫೋನ್ ಮಾಡಿ ಮಾತು ಮುಗಿಸ್ತೀನಿ ತಾಯಿ" ಅಂದಿದ್ದ. ಈ ಸಂಬಂಧ ತಪ್ಪಿದರೆ ಇನ್ನೊಂದಿಲ್ಲ ಅಂತ ತಿಪ್ಪಮ್ಮನಿಗೆ ಗೊತ್ತು. ಫೋಟೋದಲ್ಲಾದರೆ ಅವಳ ಮಗ ಬಾಯಿ ಮುಚ್ಚಿಕೊಂಡಿದ್ದ.

ಆದರೆ ಹಟ್ಟಿಯ ಮೇಲೆ ದೊಡ್ಡ ಬಂಡೆ ಕವುಚಿಕೊಂಡಿದೆ. ಊರಾಚೆಯ ಟವರಿನ ಸಿಗ್ನಲ್ ಅಲ್ಲಿಗೆ ಇಳಿಯೋದಿಲ್ಲ. ಅದಕ್ಕೇ ಕೇಬಲ್ಲಿನ ಜಬಿವುಲ್ಲಾ ಮನೆಮನೆಗೂ ಒಂದೊಂದು ಡಬ್ಬಿ ಕೂರಿಸುತ್ತಿದ್ದ. ಕೇಬಲ್ಲಿಗೆ ಸಿಕ್ಕಿಸಿದರೆ ಆ ಮನೆಗೆ ಅದೇ ಟವರು. ಜನ ಅದನ್ನ ಮರಿಟವರು ಅಂತ ಕರೆದರು. ತಿಪ್ಪಮ್ಮನೂ ಒಂದು ಹಾಕಿಸಿದಳು. ಎಲ್ಲಿಡೋದು? ಹೊಸದೇನು ಬಂದರೂ ಮೊದಲು ದೇವರ ಗೂಡಿಗೆ, ಅದು ಹಟ್ಟಿಯ ಪದ್ಧತಿ. ಗೂಡಿಗಿಟ್ಟು ಕುಂಕುಮ ಹಚ್ಚಿದಳು. ಅದೇ ಗೋಡೆಯ ಆಚೆ ಬದಿಗೆ ಪಕ್ಕದ ಮನೆ ಪಾತಲಿಂಗಪ್ಪನ ದೇವರ ಗೂಡು. ಅಲ್ಲೂ ಒಂದು ಮರಿಟವರು, ಅದಕ್ಕೂ ಕುಂಕುಮ. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಕೂತವು. ಫೋನ್ ಎತ್ತಿದರೆ ಈ ಮನೆಯಲ್ಲೂ ಕರಕರ, ಆ ಮನೆಯಲ್ಲೂ ಕರಕರ!

"ಅಮ್ಮಾ, ಒಂದನ್ನ ಬೇರೆ ಕಡೆ ಇಡ್ರಮ್ಮಾ" ಅಂದ ಜಬಿವುಲ್ಲಾ.

"ದೇವರ ಗೂಡಿಗೆ ಏರಿಸಿದ್ದನ್ನ ಇಳಿಸೋದಾ? ಮದುವೆ ಮಾತಿನ ಹೊತ್ತಲ್ಲಿ? ಬ್ಯಾಡಪ್ಪ!"

ಪಾತಲಿಂಗಪ್ಪನೂ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಜಬಿವುಲ್ಲಾ ಉಸ್ಸಂತ ಎರಡು ಡಬ್ಬಿಯ ಜೋರೂ ತಗ್ಗಿಸಿದ. "ನೋಡು ತಮ್ಮಾ ಓಬಳೇಶ, ನಮ್ಮ ಸದ್ದು ನಮ್ಮ ಹೊಸಿಲು ದಾಟಬಾರದು. ಇಷ್ಟು ನೆನಪಿಟ್ಕೋ."

"ಆಯ್ತಣ್ಣ!"

ಮಾರನೆ ದಿನ ತಿಪ್ಪಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕಿ, ಮಗನನ್ನು ಕಾವಲಿಗೆ ಬಿಟ್ಟು ನೀರಿಗೆ ಹೋದಳು. ಪಾತಲಿಂಗಪ್ಪನ ಎಮ್ಮೆ ಬಂತು. ಓಬಳೇಶ ಹೊಸಿಲೊಳಗೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ಹೈ... ಹೈ..." ಅಂತ ಪಿಸುಗುಟ್ಟಿದ. ಎಮ್ಮೆ ತಿಂತು. ಮತ್ತೆ ಪಿಸುಗುಟ್ಟಿದ. ಎಮ್ಮೆ ಮತ್ತೆ ತಿಂತು. ತಿಪ್ಪಮ್ಮ ಬರೋ ಹೊತ್ತಿಗೆ ಚಾಪೆ ಉಳಿದಿತ್ತು, ಅದರಲ್ಲೂ ಒಂದು ಮೂಲೆ ಇರಲಿಲ್ಲ.

"ಕೂಗೋಕೇನೋ ಧಾಡಿ ನಿಂಗೆ?"

"ಸದ್ದು ಹೊಸಿಲು ದಾಟಬಾರದಲ್ಲಮ್ಮ!"

"ಅಯ್ಯೋ ನನ್ನ ಕರ್ಮವೇ! ಪಕ್ಕದ ಮನೇದು ನಮ್ಮ ಮೇಲೆ ಬಂದಾಗ ಜೋರು ಮಾಡಬೇಕು ಕಣೋ! ಅದು ಹಿಂದಕ್ಕೆ ಹೋಗೋವರೆಗೂ ಜೋರು ಮಾಡ್ತಾನೇ ಇರಬೇಕು!"

"ಮೊದಲೇ ಹೇಳಬಾರದೇನಮ್ಮ?"

ಸಂಜೆ ಫೋನು ಮತ್ತೆ ಕರಕರ ಅಂತು. ಪಕ್ಕದ ಮನೇದು ಮೇಲೆ ಬಂತು! ಓಬಳೇಶ ಡಬ್ಬಿಯ ಗುಂಡಿ ಒತ್ತಿ ಜೋರು ಮಾಡಿದ. ಆಚೆ ಪಾತಲಿಂಗಪ್ಪ ಬಿಟ್ಟಾನೇ? ಅವನೂ ಜೋರು ಮಾಡಿದ. ಇವನು ಇನ್ನಷ್ಟು. ಅವನು ಇನ್ನಷ್ಟು. ಸಾಲುಮನೆಗಳ ಫೋನೆಲ್ಲ ಒಟ್ಟಿಗೆ ಕೆಟ್ಟು ಕೂತವು. ಹಟ್ಟಿಗೆ ಹಟ್ಟಿಯೇ ಫೋನ್ ಹಿಡಿದು ತಿಪ್ಪಮ್ಮನ ಬಾಗಿಲಿಗೆ ಬಂತು.

"ಏನ್ ತಿಪ್ಪಕ್ಕಾ, ಮಂಗನ ಕೈಗೆ ಮಾಣಿಕ್ಯ ಕೊಟ್ಟು ಕೂತಿದೀಯಲ್ಲ!"

ಜಬಿವುಲ್ಲಾ ಸೈಕಲ್ ಬಿಸಾಕಿ ಒಳಗೆ ಓಡಿದ. "ತಮ್ಮಾ, ತಮ್ಮಾ! ಇಬ್ಬರೂ ಕಿರುಚಿದರೆ ಯಾರ ಮಾತೂ ಯಾರಿಗೂ ಕೇಳಲ್ಲ! ಪಕ್ಕದ್ದು ಯಾವ ದಾರಿ ಹಿಡಿದೈತೆ ಅಂತ ನೋಡಬೇಕು, ನಮ್ಮದು ಇನ್ನೊಂದು ದಾರಿ ಹಿಡೀಬೇಕು. ಆಗ ಅಡ್ಡ ಬರಲ್ಲ." ಹಾಗಂತ ಅವನೇ ಡಬ್ಬಿಯ ಅಲೆ ಬದಲಿಸಿಕೊಟ್ಟು ಹೋದ.

ಗುರುವಾರ ಹೆಣ್ಣಿನ ಸೋದರಮಾವ ಮನೆ ನೋಡಲು ಬಸ್ಸಿಗೆ ಬಂದರು. "ಹೋಗಪ್ಪಾ, ಮರ್ಯಾದೆಯಿಂದ ಕರ್ಕೊಂಡು ಬಾ" ಅಂತ ತಿಪ್ಪಮ್ಮ ಮಗನನ್ನು ಕಳಿಸಿದಳು. ಬಸ್ಸಿಳಿದ ಮಾವ ಹಟ್ಟಿಯ ದಾರಿ ಹಿಡಿದರು. ಓಬಳೇಶ ಮರದ ಕೆಳಗಿಂದ ನೋಡಿದ. ನೋಡಿ, ಗಿರ್ರನೆ ತಿರುಗಿ ಎದುರು ದಿಕ್ಕಿನ ಹೊಳಲ್ಕೆರೆ ದಾರಿ ಹಿಡಿದ!

ಮಾವ ಅವರಿವರನ್ನು ಕೇಳಿಕೊಂಡು ಬಂದು, ಕಾಫಿ ಕುಡಿದು, "ಹುಡುಗ ಎಲ್ಲಮ್ಮಾ?" ಅಂದರು. "ಈಗ ಬಂದ" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. "ಬಂದೇ ಬಿಟ್ಟ" ಅಂದಳು. ಮಾವ ಕಾದು ಕಾದು ಬೇಸತ್ತು ಎದ್ದರು. "ಹುಡುಗ ಕಣ್ಣಿಗಂತೂ ಬೀಳಲಿಲ್ಲ. ನಾಳೆ ಫೋನಿನಲ್ಲಿ ಅವನ ಬಾಯಿಂದಲೇ ಒಪ್ಪಿಗೆ ಕೇಳಬೇಕು, ಇಲ್ಲಾಂದ್ರೆ ಮಾತು ಮುರೀತು ಅಂದ್ಕೊಳ್ಳಿ."

ದೀಪ ಹಚ್ಚೋ ಹೊತ್ತಿಗೆ ಓಬಳೇಶ ಮೊಣಕಾಲುದ್ದ ಧೂಳಿನಲ್ಲಿ ಬಂದ. "ಅವರೊಂದು ದಾರಿ, ನಾನೊಂದು ದಾರಿ! ಒಂಚೂರೂ ಕರಕರ ಇಲ್ಲಮ್ಮ!"

ತಿಪ್ಪಮ್ಮ ಹಣೆ ಹಣೆ ಚಚ್ಚಿಕೊಂಡಳು. "ಲೇ, ನಿನ್ನ ಕಾಲಿಗೆ ಬೀಳ್ತೀನಿ ಕೇಳು. ನಾಳೆ ದೊಡ್ಡವರು ಮಾತಾಡುವಾಗ ಅಡ್ಡ ಬಾಯಿ ಹಾಕಬೇಡ. ಎಲ್ಲಾ ಸುಮ್ಮನಾದ ಮೇಲೆ 'ಒಪ್ಪಿದೆ ಮಾವ' ಅನ್ನು. ಅಷ್ಟೇ!"

ಲೈನು ನೋಡಲು ಬಂದಿದ್ದ ಜಬಿವುಲ್ಲಾನೂ ಸುಮ್ಮನಿರಲಿಲ್ಲ. "ಮರಿಟವರಿಗೂ ಅದೇ ನೇಮ ತಮ್ಮಾ. ಹಸಿರು ದೀಪ ಪಿಳಿಪಿಳಿ ಅಂದ್ರೆ ಅದು ಮಾತಾಡ್ತೈತೆ ಅಂತ. ಒಂದು ಸುಮ್ಮನಾಗೋವರೆಗೂ ಇನ್ನೊಂದು ಕಾಯಬೇಕು."

ಶುಕ್ರವಾರ ಫೋನ್ ಬಂತು. ಗಂಟೆ ಹೊಡೆದ ಹಾಗೆ ಸ್ಪಷ್ಟ! "ನಮ್ಮ ಹುಡುಗಿ ಒಪ್ಪಿದಾಳೆ, ನಾವೂ ಒಪ್ಪಿದೀವಿ. ನೀನೇನಂತೀಯಪ್ಪಾ?" ಅಂದ ಹೆಣ್ಣಿನ ತಂದೆ.

ಓಬಳೇಶ ಸುಮ್ಮನೆ ನಿಂತ.

"ಹೇಳೋ!" ಅಂದಳು ತಾಯಿ. ತಾಯಿ ಮಾತಾಡ್ತಿದಾಳೆ, ಅಡ್ಡ ಬಾಯಿ ಹಾಕಬಾರದು. "ಹಲೋ, ಹಲೋ" ಅಂದ ಆಚೆಯಿಂದ ಹೆಣ್ಣಿನ ತಂದೆ. ಮಾವ ಮಾತಾಡ್ತಿದಾರೆ, ಅಡ್ಡ ಬಾಯಿ ಹಾಕಬಾರದು. ಇಬ್ಬರೂ ಉಸಿರು ಬಿಗಿಹಿಡಿದು ಸುಮ್ಮನಾದರು. ಓಬಳೇಶ ಬಾಯಿ ತೆರೆದ. ತೆರೆದವನು ಗೋಡೆ ಕಡೆ ನೋಡಿದ. ಆಚೆ ಪಾತಲಿಂಗಪ್ಪನ ಡಬ್ಬಿ ಇನ್ನೂ ಮಾತಾಡ್ತಿದೆ!

ಫೋನನ್ನು ತಾಯಿಯ ಕೈಗೆ ತುರುಕಿ ಓಡಿದ.

"ಬಂದ, ಬಂದ ಬೀಗರೇ! ನಾಚಿಕೆ ಸ್ವಭಾವ!" ಅಂತ ತಿಪ್ಪಮ್ಮ ಬೆವರು ಒರೆಸಿಕೊಂಡಳು. ಓಬಳೇಶ ಪಾತಲಿಂಗಪ್ಪನ ಮನೆಗೆ ನುಗ್ಗಿ ಡಬ್ಬಿಯ ವೈರು ಕಿತ್ತ. ಅದರಾಚೆ ಮನೇದನ್ನೂ ಕಿತ್ತ. ಸಾಲಿನಲ್ಲಿ ಪಿಳಿಪಿಳಿ ಅನ್ನುತ್ತಿದ್ದದ್ದನ್ನೆಲ್ಲ ಕಿತ್ತುಕೊಂಡು ಬಂದ. ಮನೆಯೊಳಗೆ ಬಂದರೆ ದೇವರ ಗೂಡಿನಲ್ಲಿ ಇನ್ನೊಂದು ಪಿಳಿಪಿಳಿ! ತಿಪ್ಪಮ್ಮ "ಬ್ಯಾಡ್ವೋ!" ಅನ್ನುವಷ್ಟರಲ್ಲಿ ಅದನ್ನೂ ಕಿತ್ತ.

ಹಟ್ಟಿ ಪೂರ್ತಿ ಸದ್ದಡಗಿತು. ಓಬಳೇಶ ಫೋನ್ ತಗೊಂಡು, ಎದೆಯುಬ್ಬಿಸಿ, ಒಂದಿಷ್ಟೂ ತೊದಲದೆ ಅಂದ: "ಒಪ್ಪಿದೆ ಮಾವ! ಮನಸಾರೆ ಒಪ್ಪಿದೆ!"

ಅತ್ತ ಬೀಗರು ಸತ್ತುಹೋದ ಫೋನನ್ನು ಕೆಳಗಿಟ್ಟು, "ಒಲ್ಲೆ ಅನ್ನೋಕೆ ಬಾಯಿಲ್ಲದೆ ಕತ್ತರಿಸಿಬಿಟ್ಟ. ಬೇರೆ ಕಡೆ ನೋಡೋಣ ನಡೀರಿ" ಅಂತ ಎದ್ದಾಗಿತ್ತು.

ಇತ್ತ ತಿಪ್ಪಮ್ಮ "ಅಯ್ಯೋ" ಅಂತ ಅಳೋಕೆ ಶುರುಮಾಡಿದಳು. ಓಬಳೇಶ ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡು, ತಾಯಿಗೆ ಸನ್ನೆ ಮಾಡಿ, ಮೆಲ್ಲಗೆ ಅಂದ: "ಶ್ಶ್... ಮಾವ ಎಂಥಾ ಮರ್ಯಾದಸ್ತರಮ್ಮ! ನಾನು ಮಾತಾಡ್ತಿರುವಾಗ ಒಂದು ಉಸಿರೂ ಬಿಡ್ತಿಲ್ಲ ನೋಡು!"

ಇಷ್ಟೇ ನಡೆದದ್ದು, ಇಷ್ಟೂ ನಿಜ. ಹಟ್ಟಿ ಪೂರ್ತಿ ಸದ್ದಡಗಿತು ಅಂದೆನಲ್ಲ, ಅದೊಂದು ಮಾತ್ರ ಸ್ವಲ್ಪ ಸೇರಿಸಿದ್ದು. ಪಾತಲಿಂಗಪ್ಪ ಆಗಲೂ ಗೊಣಗುತ್ತಲೇ ಇದ್ದ. ಅವನ ಬಾಯಿಯ ವೈರು ಎಲ್ಲಿದೆ ಅಂತ ಓಬಳೇಶನಿಗೂ ಗೊತ್ತಾಗಲಿಲ್ಲ.