ಒಲೆಯ ಬಳಿಯ ಗೇಣುದ್ದ ನಳಿಗೆ

ಉದ್ದ ನಳಿಗೆ ಪೊದೆಗೆ ಸಿಕ್ಕಿಕೊಳ್ಳುತ್ತದೆಂದು ಮಂದಣ್ಣ ತನ್ನ ಅಜ್ಜನ ಬೇಟೆಕೋವಿಯ ನಳಿಗೆಯನ್ನು ತುದಿಯಿಂದ ಗೇಣುದ್ದ ಕೊಯ್ಯಿಸಿದ. ಕೊಯ್ದ ತುಂಡು ಒಲೆ ಊದುವ ಕೊಳವೆಯಾಯಿತು. ಮದ್ದು ತುಂಬಿದ ತೋಟಾ ಮಾತ್ರ ಅಜ್ಜ ಹಾಕುತ್ತಿದ್ದ ದೊಡ್ಡದೇ ಉಳಿಯಿತು.

ಕೋವಿಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಅವನು ದೂರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟ. ಕೋವಿಯ ಬಾಯಲ್ಲಿ ಮಾರುದ್ದ ಬೆಂಕಿ ಎದ್ದಿತು. ಊರೆಲ್ಲ ಕಿವಿ ಮುಚ್ಚಿಕೊಂಡಿತು. ಗುಂಡು ಮಾತ್ರ ವೇಗ ಸಾಲದೆ ಕಾಯಿಯ ಕೆಳಗೆ ಹಾದುಹೋಯಿತು.

ಖಾಲಿಯಾದ ತೋಟಾ ಕೋವಿಯಿಂದ ಹೊರಬಿದ್ದು ಅಂಗಳದ ಒಲೆಯ ಬಳಿಗೆ ಉರುಳಿ, ಅಲ್ಲಿದ್ದ ಊದುಗೊಳವೆಗೆ ಹೇಳಿತು: “ನನ್ನ ಬೆಂಕಿ ನೋಡಿದಿರಾ ಅಣ್ಣಾ? ಅಜ್ಜನ ಕಾಲದಲ್ಲಿ ನಮ್ಮವರು ಯಾರೂ ಇಷ್ಟು ಉರಿದಿರಲಿಲ್ಲ!”

“ಉರಿದಿದ್ದರು ತಮ್ಮಾ. ನನ್ನೊಳಗೇ ಉರಿದು ಮುಗಿಯುತ್ತಿದ್ದರು,” ಎಂದಿತು ಊದುಗೊಳವೆ. “ಆಗ ಬೆಂಕಿಯನ್ನು ಕಂಡವರಿಲ್ಲ. ಒಡೆದ ಕಾಯಿಯನ್ನು ಕಾಣದವರಿಲ್ಲ.”